ಮಂಗಳವಾರದ ಚೀಟಿ, ಬುಧವಾರದ ವಾಯಿದೆ

ತಾನಾಗಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೋರಿ, ಮಾದಕ ವಸ್ತು ಕಾಯ್ದೆಯ (ಎನ್‌ಡಿಪಿಎಸ್) 64ಎ ಕಲಮಿನಡಿ ಅರ್ಜಿ ಹಾಕುತ್ತೇನೆ ಎಂದಾಗ ವಕೀಲರ ಸಂಘದ ಕೋಣೆಯಲ್ಲಿ ನಕ್ಕವರೇ ಹೆಚ್ಚು. ‘ಗಾಂಜಾ ಸೇದಿದ ಹುಡುಗ. ತಪ್ಪೊಪ್ಪಿಕೊಳ್ಳಲಿ, ದಂಡ ಕಟ್ಟಲಿ. ಮಧ್ಯಾಹ್ನದೊಳಗೆ ನಿನ್ನ ಫೀಸೂ ಬರುತ್ತದೆ ಕಣಯ್ಯಾ’ ಎಂದರು ಹಿರಿಯರೊಬ್ಬರು. ಲೆಕ್ಕ ಸರಿಯೇ. ಆದರೆ ಅದೇ ಹುಡುಗ ಮೂರನೆಯ ಸಲ ಸಿಕ್ಕಿಬಿದ್ದಾಗ ಹಳೆಯ ತಪ್ಪೊಪ್ಪಿಗೆಗಳೇ ಅವನನ್ನು ಜೈಲಿನವರೆಗೆ ಎಳೆದುಕೊಂಡು ಹೋಗುತ್ತವೆ. ಆರೇಳು ವರ್ಷಗಳಲ್ಲಿ ಸುಮಾರು 40 ಅರ್ಜಿ ಹಾಕಿದ್ದೇನೆ. ಮೊದಲ ಹತ್ತು ಹನ್ನೊಂದು ನೆಲ ಕಚ್ಚಿದವು.

ಮೊದಲನೆಯದು ಈಗಲೂ ಚುಚ್ಚುತ್ತದೆ. ತಾಯಿ ಓಲೆ ಅಡವಿಟ್ಟು, ತಿಂಗಳಿಗೆ 18 ಸಾವಿರದಂತೆ ಮೂರು ತಿಂಗಳು ಮಗನನ್ನು ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ಇಟ್ಟಿದ್ದರು. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ, ಇಲ್ಲವೇ ಮಾನ್ಯ ಮಾಡಿದ ಜಾಗವೇ ಆಗಬೇಕು ಎಂಬ ಕಲಮಿನ ಮಾತನ್ನು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರು, ಹಿಡಿದರು. ಮಾನ್ಯತೆಯ ಪತ್ರ ನನ್ನ ಬಳಿ ಇರಲಿಲ್ಲ, ಅರ್ಜಿ ವಜಾ. ಆಕೆ ಪ್ಲಾಸ್ಟಿಕ್ ಚೀಲದಿಂದ ರಸೀದಿಗಳನ್ನು ಒಂದೊಂದಾಗಿ ತೆಗೆದು ‘ಇದೂ ನಡೆಯುವುದಿಲ್ಲವೇ ಸ್ವಾಮಿ, ಇದೂ?’ ಎಂದು ಕೇಳುತ್ತಿದ್ದರು. ಓದದೆ ಅರ್ಜಿ ಹಾಕಿದ್ದು ನನ್ನ ತಪ್ಪು.

ಆಮೇಲೆ ಕೆಲವರನ್ನು ನಿಮ್ಹಾನ್ಸ್‌ಗೆ ಕಳಿಸಿದೆ. ಹೋಗಿ ಬರಲು ಒಂಬತ್ತು ನೂರು ರೂಪಾಯಿ, ಒಂದು ದಿನದ ಕೂಲಿಯೂ ಖೋತಾ. ಹೆಚ್ಚಿನವರು ಮೂರನೆಯ ಭೇಟಿಗೇ ನಿಂತರು.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಸರ್ಕಾರಿ ಆಸ್ಪತ್ರೆ, ಆದ್ದರಿಂದ ಮಾನ್ಯತೆಯ ತಕರಾರೇ ಇಲ್ಲ. ನಾನು ಮಾಡಿದ್ದಿಷ್ಟು: ವಾಯಿದೆಗಳನ್ನು ಬುಧವಾರಕ್ಕೆ ಕೇಳಿಕೊಂಡೆ. ಹಿಂದಿನ ದಿನದ ಮೊಹರು ಬಿದ್ದ ಚೀಟಿಯನ್ನು ಹುಡುಗನೇ ಬೆಂಚ್ ಕ್ಲರ್ಕ್ ಕೈಗೆ ಕೊಡಬೇಕು, ನಾನು ಮುಟ್ಟುವುದಿಲ್ಲ. ಹೀಗೆ ಐದಾರು ಚೀಟಿ ಸೇರಿದ ಮೇಲೆ ನನ್ನ ವಾದ ಎರಡೇ ನಿಮಿಷ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹಿಂಪಡೆಯಬಹುದು ಎಂಬುದನ್ನು ಅರ್ಜಿಯ ಮೊದಲ ಪ್ಯಾರಾದಲ್ಲಿ ನಾನೇ ಬರೆಯುತ್ತೇನೆ. ಎಪಿಪಿಯ ತಕರಾರು ಅಲ್ಲೇ ಅರ್ಧ ಕರಗುತ್ತದೆ. ಕೊನೆಯ ಪುಟದಲ್ಲಿ ಲಗತ್ತಿಸುವ ಮುಚ್ಚಳಿಕೆಯ ಒಕ್ಕಣೆ ಮಾತ್ರ ಇಲ್ಲಿ ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ಚೀಟಿಯಲ್ಲಿ ಏನಿದೆ ಎಂದು ನೋಡಿಕೊಳ್ಳಿ. ರೋಗದ ಸಂಕೇತ ಎಫ್12.1 ಎಂದಿದ್ದರೆ ಹಾನಿಕರ ಸೇವನೆ, ಎಫ್12.2 ಎಂದರೆ ಅವಲಂಬನೆ. ಕಾಯ್ದೆಯಲ್ಲಿ ವ್ಯಸನಿ ಎಂದರೆ ಅವಲಂಬಿತ. ಆ ಒಂದು ಅಂಕಿಯಿಂದ ನನ್ನ ಎರಡು ಅರ್ಜಿ ಬಿದ್ದಿವೆ. ಹಾಗೆಂದು ವೈದ್ಯರ ಬಳಿ ಬೇಕಾದ್ದು ಬರೆಸಿಕೊಳ್ಳಲು ಹೋಗಬೇಡಿ. ಅವಲಂಬನೆ ಇದೆಯೇ ಎಂದು ಪರೀಕ್ಷಿಸಲು ಕೋರಿ ಪತ್ರ ಕೊಡಿ. ಇಲ್ಲ ಎಂದರೆ ಪ್ರಕರಣವನ್ನು ಪಂಚನಾಮೆಯ ಮೇಲೆ ಹೋರಾಡಿ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಕೈಯಿಂದ ನಾಲ್ಕೂವರೆ ಸಾವಿರ ಹಾಕಿ ಮೂವತ್ತು ಮೂತ್ರ ಪರೀಕ್ಷೆಯ ಕಿಟ್ ತಂದೆ. ಎರಡು ವಾರದಿಂದ ಬಿಟ್ಟಿದ್ದೇನೆ ಎಂದ ಹುಡುಗನ ಕಿಟ್ಟಿನಲ್ಲಿ ಎರಡನೆಯ ಗೆರೆ ಮೂಡಲಿಲ್ಲ, ಅಂದರೆ ಗಾಂಜಾದ ಅಂಶ ಇನ್ನೂ ಇದೆ. ಬೈದೆ. ದಿನಾ ಸೇದುತ್ತಿದ್ದವರಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಹೀಗೆಯೇ ಬರುತ್ತದೆ ಎಂದು ವೈದ್ಯರು ಹೇಳುವಷ್ಟರಲ್ಲಿ ಅವನು ‘ಬಿಟ್ಟರೂ ಕಳ್ಳನೇ ಆದರೆ ಯಾಕೆ ಬಿಡಲಿ?’ ಎಂದು ಎದ್ದು ಹೋಗಿದ್ದ. ಅವನನ್ನು ಮರಳಿ ಕರೆತರಲು ಎರಡು ತಿಂಗಳು ಹಿಡಿಯಿತು. ಉಳಿದ ಕಿಟ್‌ಗಳು ಛಾಪಾ ಕಾಗದದ ಪಕ್ಕ ಧೂಳು ತಿನ್ನುತ್ತಿವೆ.

ಈ ಕ್ರಮ ಹಿಡಿದ ಮೇಲಿನ ಇಪ್ಪತ್ತೆಂಟರಲ್ಲಿ ಹತ್ತೊಂಬತ್ತೋ ಇಪ್ಪತ್ತೋ ಹುಡುಗರಿಗೆ ಆದೇಶ ಸಿಕ್ಕಿದೆ. ನಾಲ್ವರು ಚಿಕಿತ್ಸೆ ಬಿಟ್ಟರು, ಇಬ್ಬರು ಒಳಗಿದ್ದಾರೆ, ಉಳಿದವು ನಡೆಯುತ್ತಿವೆ. ಫೀಸು? ಹೆಚ್ಚಿನವು ಕಾನೂನು ಸೇವಾ ಪ್ರಾಧಿಕಾರದ ಪ್ರಕರಣಗಳು, ಆ ಹಣ ಬಂದಾಗ ಬಂತು.

ಅಂದು ನಕ್ಕ ಹಿರಿಯರು ಕಳೆದ ತಿಂಗಳು ಅಳಿಯನ ತಮ್ಮನಿಗಾಗಿ ಅರ್ಜಿಯ ನಮೂನೆ ಕೇಳಿದರು. ಕೊಟ್ಟೆ, ಕೊನೆಯ ಪುಟವನ್ನು ಬಿಟ್ಟು.