ಪಹಣಿಯಲ್ಲಿ ಇಲ್ಲದ ಮುತ್ತಾತನನ್ನು ಹುಡುಕಿದ್ದು

ನನ್ನ ಮುತ್ತಾತನ ಹೆಸರಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ. ಮನೆತನದ ಹಿಂದುಮುಂದು ಹುಡುಕಲು ಹೊರಟವರಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇಲ್ಲ. ನಮ್ಮ ಕಡೆ ಕಾಗದ ಅಂದರೆ ಜಮೀನಿನ ಕಾಗದವೇ ಅಲ್ವಾ? ಪಹಣಿ, ಎಂ.ಆರ್., ಪೌತಿ ಖಾತೆ, ಟಿಪ್ಪಣಿ, ಆಕಾರ್‌ಬಂದ್, ಎಲ್ಲವೂ ನೆಲ ಇದ್ದವರ ಸುತ್ತಲೇ ಸುತ್ತುತ್ತವೆ. ಕೂಲಿ ಮಾಡಿ ಬದುಕಿದವನು ಇದರಲ್ಲಿ ಎಲ್ಲಿ ಬರುತ್ತಾನೆ? ಬರುತ್ತಾನೆ. ಆದರೆ ಬೇರೆಯವರ ಕಾಗದದಲ್ಲಿ ಬರುತ್ತಾನೆ. ನಾನು ಹುಡುಕಿದ್ದೆಲ್ಲ ಹೀಗೆ ಪರರ ಕಾಗದದಲ್ಲೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಜಿಲ್ಲೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ: ಮುತ್ತಾತ ಕನ್ನಂಬಾಡಿ ಕಟ್ಟೆಯಲ್ಲಿ ಕಲ್ಲು ಒಡೆಯುತ್ತಿದ್ದ, ಆಮೇಲೆ ಈ ಊರಿಗೆ ಬಂದ, ಚಳಿಜ್ವರದಲ್ಲಿ ಹೋದ. ಫೋಟೋ ಇಲ್ಲ. ಅವನದು ಅಂತ ಅಟ್ಟದ ಮೇಲೆ ಒಂದು ಚಾಣ ಮಾತ್ರ ಇತ್ತು. ಸುತ್ತಿಗೆ ಏಟು ತಿಂದು ತಿಂದು ಅದರ ತಲೆ ಅಣಬೆ ಹಾಗೆ ಅಗಲವಾಗಿ, ಅಂಚು ಹೊರಕ್ಕೆ ಮಡಚಿಕೊಂಡಿದೆ. ತುದಿ ಸವೆದು ಒಂದು ಕಡೆಗೆ ವಾಲಿದೆ. ಕಲ್ಲು ಕೆಲಸದವರೊಬ್ಬರಿಗೆ ತೋರಿಸಿದೆ. ತಿರುಗಿಸಿ ನೋಡಿ, ಇದನ್ನು ಕುಲುಮೆಗೆ ಕೊಟ್ಟು ಎಷ್ಟೋ ಸಲ ತಟ್ಟಿಸಿದ್ದಾರೆ, ಮೊದಲು ಇನ್ನೂ ಉದ್ದ ಇತ್ತು ಅಂದರು.

ಮೊದಲು ಮಾಡಿದ್ದು ತಾತನ ತಂಗಿಯ ಹತ್ತಿರ ಕೂತಿದ್ದು. ಅವರು ತೀರಿಕೊಂಡು ಈಗ ವರ್ಷಗಳೇ ಆದವು, ಆಗ ತೊಂಬತ್ತರ ಹತ್ತಿರ ಇದ್ದರು. "ಯಾಕ್ಲಾ ಮಗ, ಸತ್ತೋರ ಸುದ್ದಿ ಕಟ್ಕೊಂಡು ಏನ್ ಮಾಡೀಯೆ?" ಅಂತಲೇ ಶುರು ಮಾಡಿದರು. ಹಿರಿಯರನ್ನು ಇಸವಿ ಕೇಳಬೇಡಿ. ಕೇಳಿದರೆ ಪಾಪ ಏನೋ ಒಂದು ಹೇಳುತ್ತಾರೆ, ನಾವು ಅದನ್ನೇ ಬರೆದುಕೊಂಡು ಕೂರುತ್ತೇವೆ. ಆಗ ಊರಲ್ಲಿ ಏನಾಗಿತ್ತು ಅಂತ ಕೇಳಿ. ಅಜ್ಜಿ ಹೇಳಿದ್ದು: "ದೊಡ್ಡ ಹೊಳೆ ಬಂದಾಗ ನಾನು ಅವ್ವನ ಹೊಟ್ಟೇಲಿದ್ನಂತೆ, ಗುಡ್ಲು ಬಿಟ್ಟು ದಿಬ್ಬ ಹತ್ತಿದ್ರಂತೆ." ಕಾವೇರಿಗೆ ಆ ಮಹಾಪೂರ ಬಂದಿದ್ದು 1924ರ ಜುಲೈನಲ್ಲಿ. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದದ್ದು 1931ರ ಹೊತ್ತಿಗೆ. ಅಂದರೆ 1924ರಲ್ಲಿ ಇವರು ಇನ್ನೂ ಹೊಳೆ ಪಕ್ಕದ ಕೂಲಿ ಗುಡಿಸಲಲ್ಲೇ ಇದ್ದರು. ಒಂದು ಮಾತಲ್ಲಿ ಒಂದು ಇಸವಿ, ಒಂದು ಜಾಗ ಎರಡೂ ಸಿಕ್ಕವು.

ಹೀಗೆ ಗೂಟ ಹೊಡೆಯಲು ನಮ್ಮ ಕಡೆ ಬೇಕಾದಷ್ಟು ಘಟನೆಗಳಿವೆ. ಧಾತು ಈಶ್ವರದ ಬರ ಅಂದರೆ 1876ರಿಂದ 78. ಪ್ಲೇಗಿಗೆ ಊರು ಬಿಟ್ಟಿದ್ದು ಅಂದರೆ 1898 ಮತ್ತು ಅದರ ಮುಂದಿನ ವರ್ಷಗಳು. ಮನೆಗಿಬ್ಬರಂತೆ ಜ್ವರಕ್ಕೆ ಸತ್ತರು ಅಂದರೆ ಹೆಚ್ಚಾಗಿ 1918ರ ಇನ್‌ಫ್ಲುಯೆಂಜಾ. ಸಂವತ್ಸರದ ಹೆಸರು ನೆನಪಿದ್ದರೆ ಇನ್ನೂ ಒಳ್ಳೆಯದು, ಆದರೆ 60 ವರ್ಷಕ್ಕೆ ಅದೇ ಹೆಸರು ಮತ್ತೆ ಬರುತ್ತದೆ ಅನ್ನುವುದು ತಲೆಯಲ್ಲಿರಲಿ. ರಕ್ತಾಕ್ಷಿ 1924ರಲ್ಲೂ ಬಂತು, 1984ರಲ್ಲೂ ಬಂತು.

ಕಟ್ಟೆ ಕೆಲಸದ ಬಗ್ಗೆ ಅಜ್ಜಿ ಅವರಪ್ಪನಿಗಿಂತ ಅವ್ವನ ಸುದ್ದಿಯನ್ನೇ ಜಾಸ್ತಿ ಹೇಳಿದರು. ಆಗ ಅಲ್ಲಿ ಸಿಮೆಂಟ್ ಬಳಸಲಿಲ್ಲ. ಸುಟ್ಟ ಇಟ್ಟಿಗೆಯನ್ನು ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿ ಅರೆದ ಸುರ್ಕಿ ಗಾರೆಯಲ್ಲೇ ಕಟ್ಟಿದ್ದು. ಗಂಡ ಕಲ್ಲು ಒಡೆದರೆ ಹೆಂಡತಿ ಆ ಗಾರೆಯನ್ನು ಮಂಕರಿಯಲ್ಲಿ ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದಳು. ಸುಣ್ಣದ ನೀರು ಸೋರಿ ನೆತ್ತಿ ಸುಟ್ಟು, ಅಲ್ಲಿ ಕೊನೆವರೆಗೂ ಕೂದಲು ಬರಲಿಲ್ಲವಂತೆ. ಇದು ಯಾವ ದಾಖಲೆಯಲ್ಲೂ ಸಿಗಲ್ಲ. ಕಟ್ಟೆಯ ಬಗ್ಗೆ ಆ ಕಾಲದಲ್ಲಿ ಅಚ್ಚಾದ ವರದಿಗಳನ್ನು ಕೈಗೆ ಸಿಕ್ಕಷ್ಟು ಓದಿದೆ. ಇಂಜಿನಿಯರ್‌ಗಳ ಹೆಸರಿದೆ, ಖರ್ಚಿನ ಲೆಕ್ಕವಿದೆ, ಕೂಲಿಯವರದು ಬರೀ ತಲೆ ಎಣಿಕೆ. ಜನಗಣತಿಯಲ್ಲೂ ಅಷ್ಟೇ, ಊರಿನ ಒಟ್ಟು ಲೆಕ್ಕ ಸಿಗುತ್ತದೆ, ಮನೆಯವರ ಹೆಸರು ಸಾರ್ವಜನಿಕರಿಗೆ ಸಿಗಲ್ಲ. ಅದರ ಹಿಂದೆ ಬಿದ್ದು ಟೈಮ್ ಕಳೆಯಬೇಡಿ.

ಇನ್ನು ಕಾಗದದ ವಿಷಯ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನೀವು ವಂಶವೃಕ್ಷ, ಹಳೇ ಪತ್ರ ಅಂತ ಊರಲ್ಲಿ ಓಡಾಡಲು ಶುರು ಮಾಡಿದ ಮರುದಿನವೇ ದಾಯಾದಿಗಳ ಮನೆಯಲ್ಲಿ "ಇವನು ಪಾಲು ಕೇಳೋಕೆ ಬಂದವ್ನೆ" ಅಂತ ಗುಸುಗುಸು ಎದ್ದಿರುತ್ತದೆ. ನಾನು ಮನೆ ಮನೆಗೆ ಹೋಗಿ ಕಾಫಿ ಕುಡಿದು, ಸಿಕ್ಕ ಕಾಗದದ್ದೆಲ್ಲ ಜೆರಾಕ್ಸ್ ಅವರಿಗೂ ಒಂದು ಪ್ರತಿ ಕೊಟ್ಟೆ. ಆಮೇಲೆ ಅವರೇ ಟ್ರಂಕ್ ತೆಗೆದು ತೋರಿಸಿದರು. ಇನ್ನೊಂದು ತರಹದ ನೆಂಟರೂ ಇದ್ದಾರೆ. ಕೂಲಿ ಅಂತ ಬರೆಯಬೇಡ, ವ್ಯವಸಾಯ ಅಂತ ಬರಿ ಅನ್ನುತ್ತಾರೆ. ನಾನು ಕೂಲಿ ಅಂತಲೇ ಬರೆದಿದ್ದೇನೆ.

ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ ಮೈಸೂರು ಜಿಲ್ಲೆ ಅಂತಲೇ ಇರುತ್ತದೆ. ಪಾಂಡವಪುರ ಅಂತ ಹುಡುಕಿದರೆ ಹಳೇ ಪತ್ರದಲ್ಲಿ ಸಿಗುವುದು ಫ್ರೆಂಚ್ ರಾಕ್ಸ್, ಇಲ್ಲವೇ ಹಿರೋಡೆ. ಹೆಸರು ಬರೆಯುವ ಕ್ರಮ ಮಾತ್ರ ನಮಗೆ ಅನುಕೂಲದ್ದು: ಗಂಡಸರಿಗೆ 'ಬಿನ್' ಹಾಕಿ ಅಪ್ಪನ ಹೆಸರು, ಹೆಂಗಸರಿಗೆ 'ಕೋಂ' ಹಾಕಿ ಗಂಡನ ಹೆಸರು. ಒಂದೇ ಹೆಸರಿನವರು ಊರಲ್ಲಿ ನಾಲ್ಕು ಜನ ಇದ್ದರೂ ಅಪ್ಪನ ಹೆಸರಿನಿಂದ ನಮ್ಮವರು ಯಾರು ಅಂತ ತಿಳಿಯುತ್ತದೆ.

ಮುತ್ತಾತ ಏನೂ ಕೊಳ್ಳಲಿಲ್ಲ, ಏನೂ ಮಾರಲಿಲ್ಲ. ಹಾಗಾಗಿ ನೋಂದಣಿ ಕಚೇರಿಯ ಸೂಚಿಯಲ್ಲಿ ಅವನ ಹೆಸರಿಲ್ಲ. ಆ ಸೂಚಿಗಳು ಪತ್ರ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನ ಮೇಲೆ ಒಂದು, ಸ್ವತ್ತಿನ ಮೇಲೆ ಒಂದು ಇರುತ್ತವೆ. ಆದರೆ ಪ್ರತಿ ಕ್ರಯಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಅಂತ ಇರುತ್ತದಲ್ಲ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು ಅಂತ, ಅಲ್ಲಿ ಬರುವ ಹೆಸರುಗಳು ಯಾವ ಸೂಚಿಯಲ್ಲೂ ಸೇರಲ್ಲ. ಪತ್ರ ಪೂರ್ತಿ ಓದಿದರೆ ಮಾತ್ರ ಸಿಗುತ್ತವೆ. ಬಡವನಿಗೆ ಮನೆ ಪತ್ರ ಇಲ್ಲದಿದ್ದರೂ ಅಕ್ಕಪಕ್ಕದವನು ತನ್ನ ಜಾಗ ಮಾರುವಾಗ ಇವನ ಗುಡಿಸಲನ್ನು ಹೇಳಲೇಬೇಕು. ನನಗೆ ದಾರಿ ತೆರೆದಿದ್ದು ಇದೇ. ನಮ್ಮ ಹಳೇ ಮನೆಯ ಆಸುಪಾಸಿನ ಜಾಗಗಳ ಪತ್ರ ಯಾರ ಯಾರ ಹತ್ತಿರ ಇವೆಯೋ ಎಲ್ಲ ಕೇಳಿ ಓದಿದೆ. ಆನ್‌ಲೈನ್‌ನಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ, ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ, ಅದಕ್ಕಿಂತ ಹಳೆಯದಕ್ಕೆ ಕಚೇರಿಗೆ ಅರ್ಜಿ ಕೊಟ್ಟು ಕಾಯಬೇಕು.

1929ರ ಒಂದು ಪತ್ರದಲ್ಲಿ ಪಶ್ಚಿಮಕ್ಕೆ "ಖಾಲಿ ನಿವೇಶನ" ಅಂತಿದೆ. 1936ರ ಇನ್ನೊಂದರಲ್ಲಿ ಅದೇ ದಿಕ್ಕಿಗೆ ಮುತ್ತಾತನ ಹೆಸರು, ಅವನಪ್ಪನ ಹೆಸರು, ಮುಂದೆ "ಗುಡಿಸಲು". 1943ರದ್ದು ನೋಡಿದರೆ ಅವನ ಹೆಸರಿನ ಮುಂದೆ ಕೋಂ ಅಂತ ಹಾಕಿ ಮುತ್ತಜ್ಜಿಯ ಹೆಸರು, "ನಾಡ ಹೆಂಚಿನ ಮನೆ". ಮೂರೂ ನಮಗೆ ಸಂಬಂಧವೇ ಇಲ್ಲದವರ ಪತ್ರಗಳು. ಆದರೂ ಇವನು 29ರಿಂದ 36ರ ನಡುವೆ ಈ ಊರಿಗೆ ಬಂದ, 43ರ ಒಳಗೆ ತೀರಿಕೊಂಡ ಅಂತ ಅವು ಹೇಳುತ್ತವೆ. ಕಟ್ಟೆ ಮುಗಿದ ಮೇಲೆ ಕೆಲಸವಿಲ್ಲದೆ ಬಂದ ಅನ್ನುವ ಮನೆಯ ಮಾತಿಗೂ ಇದು ಸರಿಹೋಗುತ್ತದೆ. ಹಾಗಾದರೆ ಕೂಲಿಯವನ ಹೆಂಡತಿ ಗಂಡ ಸತ್ತ ಮೇಲೆ ಸೋಗೆ ತೆಗೆದು ಹೆಂಚು ಹಾಕಿಸಿದ್ದು ಹೇಗೆ? ಇದಕ್ಕೆ ಉತ್ತರ ಕೊಟ್ಟಿದ್ದು ಚಿಕ್ಕಪ್ಪ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರ ಸುಮಾರಿಗೆ ಶುರುವಾಗಿತ್ತು, ನಾಲೆ ನೀರು ಬಂದು ಕಬ್ಬು ಹಬ್ಬಿತ್ತು. ತಾತ ಮೀಸೆ ಮೂಡುವ ವಯಸ್ಸಿಗೇ ಬೇರೆಯವರ ಗಾಡಿಯಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದರಂತೆ. ಅಪ್ಪ ಕಟ್ಟಿದ ಕಟ್ಟೆಯ ನೀರಲ್ಲಿ ಬೆಳೆದ ಕಬ್ಬನ್ನು ಮಗ ಬಾಡಿಗೆಗೆ ಸಾಗಿಸಿ ಹೆಂಚು ತಂದ. ನೀರು ಮಾತ್ರ ಇವರ ಹೊಲಕ್ಕೆ ಬರಲಿಲ್ಲ, ಹೊಲ ಇದ್ದರೆ ತಾನೇ.

ಇದೆಲ್ಲಕ್ಕಿಂತ ನನಗೆ ಖುಷಿ ಕೊಟ್ಟಿದ್ದು 7ನೇ ನಂಬರ್ ಫಾರಂ. ನಿಮ್ಮ ಹಿರಿಯರು ಬೇರೆಯವರ ಜಮೀನನ್ನು ಗೇಣಿಗೋ ವಾರಕ್ಕೋ (ಬೆಳೆಯಲ್ಲಿ ಪಾಲು ಕೊಟ್ಟು) ಉಳುತ್ತಿದ್ದವರಾದರೆ ದಯವಿಟ್ಟು ಇದನ್ನು ಬಿಡಬೇಡಿ. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವ ಜಮೀನು ತಮ್ಮದಾಗಬೇಕಾದರೆ ಉಳುವವರು ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು, ಗಡುವು ಮುಂದಕ್ಕೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಬರೀ ಅರ್ಜಿ ಆಗಿದ್ದರೆ ಏನೂ ವಿಶೇಷ ಇರುತ್ತಿರಲಿಲ್ಲ. ಭೂ ನ್ಯಾಯಮಂಡಳಿಯ ಕಡತದಲ್ಲಿ ಉಳುವವನ ಹೇಳಿಕೆ, ಪಕ್ಕದ ಹೊಲದವರ ಸಾಕ್ಷಿ, ಜಮೀನಿನ ಯಜಮಾನರ ತಕರಾರು ಎಲ್ಲ ಇರುತ್ತದೆ. ಓದುಬರಹ ಇಲ್ಲದ ನಮ್ಮ ತಾತ ತನ್ನ ಬಾಯಲ್ಲಿ ತನ್ನಪ್ಪನ ಬಗ್ಗೆ ಹೇಳಿದ ಮಾತು ಇರುವ ಕಾಗದ ನನಗೆ ಗೊತ್ತಿರುವಂತೆ ಇದೊಂದೇ. "ನಮ್ಮ ತಂದೆ ಕಟ್ಟೆ ಕೆಲಸ ಮುಗಿದ ಮೇಲೆ ಈ ಜಮೀನು ವಾರಕ್ಕೆ ಮಾಡುತ್ತಿದ್ದರು, ಅವರು ಸತ್ತ ಮೇಲೆ ನಾನು ಮಾಡುತ್ತಿದ್ದೇನೆ. ರಸೀದಿ ಕೊಡುತ್ತಿರಲಿಲ್ಲ, ಕಣದಲ್ಲೇ ಅಳೆದುಕೊಂಡು ಹೋಗುತ್ತಿದ್ದರು." ಎದುರು ಕಡೆಯವರು ಕೇಳಿದ್ದು: ನಿಮ್ಮ ತಂದೆ ಕಲ್ಲು ಕೆಲಸದವರು, ಅವರಿಗೆ ಉಳುಮೆ ಗೊತ್ತಿರಲಿಲ್ಲ ಅಂದರೆ ಸರಿಯೇ? ಉತ್ತರ: "ಸರಿಯಲ್ಲ. ಎರಡೂ ಗೊತ್ತಿತ್ತು." ಕೆಳಗೆ ಓದಿ ಹೇಳಿದೆ, ಸರಿ ಇದೆ ಅಂತ ಬರೆದು ಹೆಬ್ಬೆಟ್ಟಿನ ಗುರುತು. ಕೇಳಿದ ಜಮೀನಿನಲ್ಲಿ ಅರ್ಧ ಸಿಕ್ಕಿತು. ಈಗಲೂ ಅದರಲ್ಲೇ ರಾಗಿ ಬೆಳೆಯುತ್ತೇವೆ.

ಈ ಕಡತಗಳು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಸರ್ವೆ ನಂಬರ್ ಹಾಕಿ ನಕಲಿಗೆ ಅರ್ಜಿ ಕೊಡಿ, ಆದೇಶದ ಪ್ರತಿ ಸಾಕು ಅನ್ನಬೇಡಿ, ಪೂರ್ತಿ ಕಡತ ಅಂತಲೇ ಬರೆಯಿರಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲೂಕಿನಲ್ಲಿ ಆಗಿದ್ದರೆ ಕೆಲಸ ಹಗುರ.

ಹೆಳವರನ್ನೂ ಹಿಡಿದೆ. ಸುಗ್ಗಿ ಕಾಲಕ್ಕೆ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುತ್ತಿದ್ದವರು, ನಮ್ಮ ಕಡೆಗೆ ಈಗ ಬೈಕಲ್ಲಿ ಬರುತ್ತಾರೆ. ಅವರು ಹೇಳಿದ್ದರಲ್ಲಿ ಮುತ್ತಾತನ ಅಪ್ಪ, ತಾತನ ಹೆಸರು ಪತ್ರದ ಹೆಸರಿಗೆ ಸರಿಯಾಗಿ ಕೂತವು. ಅದಕ್ಕಿಂತ ಹಿಂದೆ ಹೋದಂತೆ ಎಲ್ಲರೂ ಪಾಳೇಗಾರರ ಬಂಟರೇ ಆಗಿಬಿಡುತ್ತಾರೆ, ಅದನ್ನು ಕೇಳಿ ಖುಷಿಪಟ್ಟು ಬಿಟ್ಟೆ. ಕಾಣಿಕೆ, ರಾಗಿ ಧಾರಾಳವಾಗಿ ಕೊಡಿ, ಅವರ ಬಾಯಲ್ಲಿರುವುದು ಬೇರೆ ಎಲ್ಲೂ ಇಲ್ಲ.

ಹೆಂಗಸರ ಕಡೆಯದೇ ಕಷ್ಟ. ಹೆಳವರ ಬಾಯಲ್ಲೂ ಗಂಡು ಸಂತಾನದ ಹೆಸರೇ ಜಾಸ್ತಿ. ಮುತ್ತಜ್ಜಿಯ ತವರು ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಎಳೆ ಸಿಕ್ಕಿದ್ದು ಹರಕೆಯಿಂದ. ನಮ್ಮ ಮನೆದೇವರು ಬೇರೆ, ಆದರೂ ಹೆಣ್ಣುಮಕ್ಕಳ ಮೊದಲ ಮುಡಿಯನ್ನು ಕೃಷ್ಣರಾಜಪೇಟೆ ಕಡೆಯ ಒಂದು ಮಾರಮ್ಮನಿಗೆ ಕೊಡುವ ರೂಢಿ ಇದೆ. ಯಾಕೆ ಅಂತ ಕೇಳಿದರೆ ಮುತ್ತಜ್ಜಿ ಮಾಡಿಕೊಂಡು ಬಂದದ್ದು ಅನ್ನುತ್ತಾರೆ. ಅದು ಅವಳ ತವರಿನ ದೇವರೇ ಇರಬೇಕು. ಅಲ್ಲಿನ ಪೂಜಾರಿಯ ಹತ್ತಿರ ಒಕ್ಕಲು ಮನೆಗಳ ಪಟ್ಟಿ ಇದೆಯಂತೆ. ಜಾತ್ರೆ ದಿನ ಹೋದರೆ ಅವರಿಗೆ ಪುರುಸೊತ್ತಿರಲ್ಲ, ಹಬ್ಬ ಕಳೆದ ಮೇಲೆ ಒಂದು ಮಂಗಳವಾರ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ. ಅಂಥ ಕಡೆ ನನಗಿಂತ ಅವರ ಮಾತಿಗೇ ಬೆಲೆ ಜಾಸ್ತಿ.