ಥೀಸಿಸ್‌ನಿಂದ ಪ್ರಬಂಧ ತೆಗೆಯುವಾಗ: ಯಾರ ಹೆಸರು, ಎಷ್ಟು ಪ್ರಬಂಧ

ಹುಬ್ಬಳ್ಳಿ-ಧಾರವಾಡ ಅಥವಾ ಗದಗಿನ ಮೆಡಿಕಲ್ ಕಾಲೇಜಿನಲ್ಲಿ ಥೀಸಿಸ್ ಮಾಡುತ್ತಿರುವವರು ಜರ್ನಲ್ ಪ್ರಬಂಧದಲ್ಲಿ ಯಾರ ಹೆಸರು ಎಂಬ ಮಾತನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಎಥಿಕ್ಸ್ ಕಮಿಟಿಗೆ ಪ್ರೋಟೋಕಾಲ್ (ಅಧ್ಯಯನದ ಯೋಜನೆ) ಕೊಡುವ ವಾರವೇ ಗೈಡ್ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದಿಡಿ: ಈ ಅಧ್ಯಯನದಿಂದ ಎಷ್ಟು ಪ್ರಬಂಧ, ಪ್ರತಿಯೊಂದರ ಪ್ರಶ್ನೆ ಯಾವುದು, ಮೊದಲ ಹೆಸರು ಯಾರದು, ಜರ್ನಲ್ ಜೊತೆ ಪತ್ರವ್ಯವಹಾರ ಯಾರದು. ದಿನಾಂಕ ಹಾಕಿ ಎಲ್ಲರಿಗೂ ಇಮೇಲ್ ಮಾಡಿ. ಪ್ರಬಂಧ ಅಚ್ಚಾಗುವ ಹೊತ್ತಿಗೆ ಪಿ.ಜಿ. ಊರು ಬಿಟ್ಟಿರುತ್ತಾರೆ, ಗೈಡ್ ವರ್ಗವಾಗಿರಬಹುದು. ಬಾಯಿಮಾತು ಅಲ್ಲಿಯತನಕ ಬಾಳುವುದಿಲ್ಲ.

ಲೇಖಕ ಯಾರು ಎನ್ನುವುದಕ್ಕೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಅಳತೆ ನಾಲ್ಕು. ಯೋಜನೆ, ಡೇಟಾ ಸಂಗ್ರಹ, ವಿಶ್ಲೇಷಣೆ, ಅರ್ಥೈಸುವಿಕೆ ಇವುಗಳಲ್ಲಿ ಒಂದರಲ್ಲಾದರೂ ಗಣನೀಯ ಪಾಲು. ಬರೆದಿರಬೇಕು ಇಲ್ಲವೇ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಪ್ರಶ್ನೆ ಎದ್ದರೆ ಉತ್ತರ ಹೇಳಬೇಕು. ಈ ಕೊನೆಯದು 2013ರಲ್ಲಿ ಸೇರಿತು. ನಾಲ್ಕೂ ಬೇಕು. ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ, ಹಣ ಕೊಡಿಸಿದರು ಎಂಬ ಕಾರಣಕ್ಕೆ ಹೆಸರು ಬರುವುದಿಲ್ಲ. ಅವರ ಜಾಗ ಕೃತಜ್ಞತೆಯ ಸಾಲು, ಅದಕ್ಕೂ ಅವರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಹಾಗೆಯೇ, ರಾತ್ರಿಪಾಳಿಯಲ್ಲಿ ಕೂತು ಡೇಟಾ ಕೂಡಿಸಿದ ಕಿರಿಯರಿಗೆ ಕರಡು ತೋರಿಸದೆ "ಅವರು ಬರೆದಿಲ್ಲ" ಎಂದು ಹೆಸರು ಕೈಬಿಡುವುದು ಅನ್ಯಾಯ. ಕರಡು ತಿದ್ದುವ ಅವಕಾಶ ಕೊಡುವುದು ನಿಮ್ಮ ಹೊಣೆ.

ಇನ್ನು ಒಂದೇ ಡೇಟಾ ಎರಡು ಸಲ ಅಚ್ಚಾಗುವ ವಿಷಯ. ಹಾವೇರಿ ಕಡೆಯಿಂದ ಕೀಟನಾಶಕ ವಿಷಬಾಧೆಯಾಗಿ ಬಂದ 120 ರೋಗಿಗಳು ನಿಮ್ಮ ಅಧ್ಯಯನದಲ್ಲಿ ಇದ್ದಾರೆಂದುಕೊಳ್ಳಿ. ಕೋಲಿನ್‌ಎಸ್ಟರೇಸ್ (ಇಂಥ ವಿಷಬಾಧೆಯಲ್ಲಿ ರಕ್ತದಲ್ಲಿ ಅಳೆಯುವ ಕಿಣ್ವ) ಮಟ್ಟ ಒಂದು ಜರ್ನಲ್‌ಗೆ, ವೆಂಟಿಲೇಟರ್ ದಿನಗಳು ಇನ್ನೊಂದಕ್ಕೆ, ಸಾವಿನ ಲೆಕ್ಕ ಮತ್ತೊಂದಕ್ಕೆ ಹೋದರೆ, ಮಟ್ಟಕ್ಕೂ ಸಾವಿಗೂ ಇರುವ ನಂಟು ಯಾವ ಓದುಗನ ಕಣ್ಣಿಗೂ ಬೀಳುವುದಿಲ್ಲ. ಒಂದರ ತೀರ್ಮಾನ ಅರ್ಥವಾಗಲು ಇನ್ನೊಂದನ್ನು ಓದಲೇಬೇಕಾದರೆ ಅದು ಒಂದೇ ಪ್ರಬಂಧ. ಇದಕ್ಕಿಂತ ಕೆಟ್ಟದ್ದು, ಮುಂದಿನ ವರ್ಷ 30 ಜನರನ್ನು ಸೇರಿಸಿ ಹೇಳದೆ ಕೇಳದೆ 150 ರೋಗಿಗಳ ಹೊಸ ಅಧ್ಯಯನವೆಂದು ಕಳಿಸುವುದು. ಎರಡನ್ನೂ ಕೂಡಿಸಿದ ಮೆಟಾ-ಅನಾಲಿಸಿಸ್‌ಗೆ (ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸುವ ಲೆಕ್ಕಕ್ಕೆ) ಅದು 270 ರೋಗಿಗಳು, ನಿಜಕ್ಕೆ ಇರುವುದು 150. ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ವಿಷಯದಲ್ಲಿ 1997ರಲ್ಲಿ ಇಂಥದ್ದೇ ಬಯಲಾಯಿತು: ರೋಗಿಗಳ ಡೇಟಾದಲ್ಲಿ ಶೇ. 28 ಮರುಕಳಿಸಿದ್ದು, ಅದನ್ನು ಸೇರಿಸಿ ಲೆಕ್ಕ ಹಾಕಿದಾಗ ಔಷಧದ ಪರಿಣಾಮ ಶೇ. 23ರಷ್ಟು ಹೆಚ್ಚಾಗಿ ಕಂಡಿತ್ತು. ಆ ಲೆಕ್ಕ ನಂಬಿ ಔಷಧ ಬರೆಯುವವರು ವೈದ್ಯರೇ.

ಪ್ರಶ್ನೆ ನಿಜವಾಗಿ ಬೇರೆಯಾಗಿದ್ದರೆ ಎರಡನೇ ಪ್ರಬಂಧ ತಪ್ಪಲ್ಲ. ವಿಧಾನ ಭಾಗದಲ್ಲಿ "ಇದೇ 120 ರೋಗಿಗಳ ಇನ್ನೊಂದು ವಿಶ್ಲೇಷಣೆ ಪ್ರಕಟವಾಗಿದೆ" ಎಂದು ನೇರ ಬರೆದು ಮೊದಲನೆಯದನ್ನು ಉಲ್ಲೇಖಿಸಿ. ಎರಡರಲ್ಲೂ ಒಂದೇ ಎಥಿಕ್ಸ್ ಕಮಿಟಿ ಅನುಮತಿ ಸಂಖ್ಯೆ, ಚಿಕಿತ್ಸಾ ಪ್ರಯೋಗವಾದರೆ ಒಂದೇ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ) ಸಂಖ್ಯೆ ಇರಲಿ. ಕವರಿಂಗ್ ಲೆಟರ್ ಜೊತೆ ಮೊದಲ ಪ್ರಬಂಧದ ಪ್ರತಿ ಲಗತ್ತಿಸಿ. ಸಮ್ಮೇಳನದ ಸಾರಾಂಶ, ಪೋಸ್ಟರ್ ಅಡ್ಡಿಯಾಗುವುದಿಲ್ಲ, ಆದರೆ ತಿಳಿಸಿ. ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ ಪ್ರತಿ) ಬಗ್ಗೆ ಆಯಾ ಜರ್ನಲ್‌ನ ನಿಯಮ ಓದಿಕೊಳ್ಳಿ.

ಉತ್ತರ ತಡವಾಯಿತೆಂದು ಎರಡು ಜರ್ನಲ್‌ಗೆ ಒಟ್ಟಿಗೆ ಕಳಿಸಬೇಡಿ. ಹಿಂಪಡೆಯುವ ಪತ್ರ ಬರೆದು, "ಹಿಂಪಡೆಯಲಾಗಿದೆ" ಎಂಬ ಉತ್ತರ ಕೈಗೆ ಬಂದ ಮೇಲೆ ಮುಂದಿನದಕ್ಕೆ ಹೋಗಿ.

ಇಂಗ್ಲಿಷಿನಲ್ಲಿ ಬಂದದ್ದನ್ನು ಆಶಾ ಕಾರ್ಯಕರ್ತೆಯರೂ ಓದಲೆಂದು ಕನ್ನಡದಲ್ಲಿ ತರುವುದು ಒಳ್ಳೆಯ ಕೆಲಸ, ನಿಯಮದೊಳಗೇ ಇದೆ. ಎರಡೂ ಜರ್ನಲ್‌ಗಳ ಸಂಪಾದಕರು ಒಪ್ಪಬೇಕು, ಮೊದಲ ಪ್ರಕಟಣೆಗೆ ಅವರು ಹೇಳಿದಷ್ಟು ಕಾಲ ಬಿಡಬೇಕು, ಅಂಕಿ-ತೀರ್ಮಾನ ಬದಲಾಗಬಾರದು, ಮರುಪ್ರಕಟಣೆ ಎಂಬುದು ಶೀರ್ಷಿಕೆಯಲ್ಲೇ ಕಾಣಬೇಕು.

ಕಳಿಸಿದ ಮೇಲೆ ಹೆಸರು ಸೇರಿಸಲು, ತೆಗೆಯಲು ಜರ್ನಲ್ ಎಲ್ಲ ಲೇಖಕರ ಸಹಿ ಕೇಳುತ್ತದೆ, ತೆಗೆದುಹಾಕುವವರದ್ದೂ. ಜಗಳ ಬಿದ್ದರೆ ಸಂಪಾದಕರು ತೀರ್ಪು ಕೊಡುವುದಿಲ್ಲ, ಕಾಲೇಜಿಗೆ ಕಳಿಸುತ್ತಾರೆ. ಅಲ್ಲಿ ತೋರಿಸಲು ಬೇಕಾಗುವುದು ಮೊದಲ ವಾರ ಬರೆದ ಆ ಹಾಳೆ.