ಆಯಿಲ್ ಮುಳ್ಳು ಹೇಳುವುದು, ಹೇಳದೇ ಇರುವುದು

ಅಂಕೋಲಾ–ಯಲ್ಲಾಪುರ ರಸ್ತೆಯಲ್ಲಿ ನಾನು ಓಡಿಸುವುದು ಹಳೇ ಟಾಟಾ ಲಾರಿ. ಅದರ ಆಯಿಲ್ ಪ್ರೆಶರ್ ಮೀಟರಿನ ಮುಳ್ಳನ್ನಷ್ಟೇ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಎಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ರೇಸ್‌ನಲ್ಲಿದೆ ಎನ್ನುವುದೂ ಗೊತ್ತಿರಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು ಮೇಲೇರಿ ನಿಲ್ಲುತ್ತದೆ. ತಣ್ಣಗಿನ ಆಯಿಲ್ ದಪ್ಪ, ಅದಕ್ಕೆ. ನಿಜವಾದ ಲೆಕ್ಕ ಸಿಗುವುದು ಲೋಡ್ ಹೊತ್ತು ಅರಬೈಲ್ ಘಟ್ಟ ಹತ್ತಿದ ಮೇಲೆ. ಆಗ ನನ್ನ ಗಾಡಿಯಲ್ಲಿ ಸ್ಲೋನಲ್ಲಿ 1 ಕೆಜಿ (ಚದರ ಸೆಂಟಿಮೀಟರಿಗೆ) ಆಸುಪಾಸು, ಓಟದಲ್ಲಿ 3ರಿಂದ 4. ಅದೇ ಬಿಸಿ, ಅದೇ ರೇಸ್‌ನಲ್ಲಿ ಮುಳ್ಳು ದಿನೇ ದಿನೇ ಇಳಿಯುತ್ತಾ ಬಂದರೆ ಬೇರಿಂಗ್ ಸವೆದಿರಬಹುದು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ, ಆಯಿಲ್‌ಗೆ ಡೀಸೆಲ್ ಸೇರಿ ತೆಳುವಾಗಿದೆ ಎಂದೇ ಅರ್ಥ. ದಪ್ಪ ಆಯಿಲ್ ಸುರಿದು ಮುಳ್ಳು ಏರಿಸುವವರಿದ್ದಾರೆ. ಸವೆದದ್ದು ಹಾಗೇ ಇರುತ್ತದೆ, ಅಲ್ವಾ?

ಮುಳ್ಳು ಸೊನ್ನೆಗೆ ಬಿದ್ದರೆ ಕೂಡಲೇ ಗಾಡಿ ಬದಿಗೆ ಹಾಕಿ ಎಂಜಿನ್ ನಿಲ್ಲಿಸುತ್ತೇನೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಮೀಟರಿನ ವೈರ್ ತುಕ್ಕು ಹಿಡಿಯುವುದು ಸಾಮಾನ್ಯ. ಆದರೂ ಎಂಜಿನ್‌ಗೇ ನೇರ ಜೋಡಿಸಿ ಪ್ರೆಶರ್ ಅಳೆಯುವ ಕೈಮೀಟರ್ ಕಟ್ಟಿ ನೋಡುವ ತನಕ ವೈರಿನ ಮೇಲೆ ತಪ್ಪು ಹೊರಿಸಬಾರದು.

ಮುಳ್ಳು ಸುಮ್ಮನಿರುವ ಜಾಗ ಘಟ್ಟದ ಇಳಿಜಾರು. ಪ್ರೆಶರ್ ಒಂದು ಮಟ್ಟ ದಾಟಿದರೆ ರಿಲೀಫ್ ವಾಲ್ವ್ ತೆರೆದು ಹೆಚ್ಚಿನ ಆಯಿಲನ್ನು ವಾಪಸ್ ಬಿಡುತ್ತದೆ. ಹಾಗಾಗಿ ಎಂಜಿನ್ ಮಿತಿ ಮೀರಿ ತಿರುಗಿದರೂ ಮುಳ್ಳು ಚೆನ್ನಾಗೇ ಕಾಣುತ್ತದೆ. ಎಂಜಿನ್ ಮಿತಿ ಮೀರಿ ತಿರುಗದಂತೆ ಡೀಸೆಲ್ ತಡೆಯುವ ಗವರ್ನರ್ ಇದೆಯಲ್ಲ ಎನ್ನಬಹುದು. ಅದು ಡೀಸೆಲ್ ಕಡಿಮೆ ಮಾಡೀತು, ಅಷ್ಟೇ. ಇಳಿಜಾರಿನಲ್ಲಿ ಎಂಜಿನ್ ತಿರುಗಿಸುವುದು ಡೀಸೆಲ್ ಅಲ್ಲ, ಚಕ್ರ. ನಿಮಿಷಕ್ಕೆ 2400 ಸುತ್ತು 3000 ಆದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಮೇಲಿನ ಜಗ್ಗಾಟ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಸಿಲಿಂಡರಿನ ಗಾಳಿ-ಹೊಗೆ ವಾಲ್ವ್ ಸಮಯಕ್ಕೆ ಮುಚ್ಚದೆ ಪಿಸ್ಟನ್‌ಗೆ ಬಡಿಯಲೂಬಹುದು.

ನನ್ನ ಗಾಡಿಗೆ ಆರ್‌ಪಿಎಂ ಮೀಟರ್ ಇಲ್ಲ. ಅದಕ್ಕೇ ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಎರಡನೇ, ಮೂರನೇ, ನಾಲ್ಕನೇ ಗೇರ್‌ನಲ್ಲಿ ಓಡಿಸಿದೆ. ಯಾವ ಸ್ಪೀಡಿಗೆ ಗವರ್ನರ್ ತಡೆಯುತ್ತದೋ, ಅಲ್ಲಿ ಸ್ಪೀಡೋಮೀಟರ್ ಗಾಜಿನ ಮೇಲೆ ಪೇಂಟಿನ ಗೆರೆ ಹಾಕಿದೆ. ಘಟ್ಟ ಇಳಿಯುವಾಗ ಆಯಾ ಗೇರ್‌ನ ಗೆರೆಗಿಂತ ಸಾಕಷ್ಟು ಕೆಳಗೇ ಇರುತ್ತೇನೆ. ಸ್ಪೀಡ್ ಗೆರೆಯತ್ತ ಸರಿದರೆ ಬ್ರೇಕ್ ಒತ್ತಿ, ಇಳಿಸಿ, ಬಿಡುತ್ತೇನೆ. ಗೇರ್ ಇಳಿಸುವುದು ತಿರುವಿಗೆ ಮೊದಲೇ, ಸ್ಪೀಡ್ ಕಡಿಮೆಯಿರುವಾಗ. ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟಕ್ಕೂ ಇದೇ ಕ್ರಮ. ಗೇರ್‌ಬಾಕ್ಸ್ ಅಥವಾ ಸ್ಪೀಡೋಮೀಟರ್ ಬದಲಾಯಿಸಿದರೆ ಮಾತ್ರ ಹಳೇ ಗೆರೆ ಒರೆಸಿ ಹೊಸದಾಗಿ ಹಾಕಬೇಕು.